ಅಂಟಿನ ಹುಕ್ಕು ಗೋಡೆಯಲ್ಲಿ ನಿಲ್ಲುತ್ತಿಲ್ಲ, ಯಾವುದು ತಗೊಳ್ಳಲಿ?

ಬಾಡಿಗೆ_ಬಂಟ: ತಲೆ ಕೆಟ್ಟು ಹೋಗಿದೆ. ಹಾಲ್ ಗೋಡೆಗೆ ಅಂಟಿಸಿದ ಹುಕ್ಕು ಬೆಳಗಾಗುವಷ್ಟರಲ್ಲಿ ನೆಲದ ಮೇಲಿರುತ್ತದೆ. ಪ್ಯಾಕೆಟ್ ಮೇಲೆ 3 ಕೆ.ಜಿ. ಅಂತ ಬರೆದಿದ್ದಾರೆ. ಬ್ರ್ಯಾಂಡ್ ಬದಲಾಯಿಸಿದೆ, ಡಬಲ್ ಟೇಪ್ ಹಾಕಿದೆ, ಅದೇ ಕಥೆ. ಮೊಳೆ ಹೊಡೆಯುವ ಹಾಗಿಲ್ಲ, ಓನರ್ ಅಗ್ರಿಮೆಂಟಿನಲ್ಲೇ ಬರೆಸಿದ್ದಾರೆ. ಯಾವ ಹುಕ್ಕು ಒಳ್ಳೆಯದು, ಅಷ್ಟು ಹೇಳಿ ಸಾಕು.

ಸೀಪೇಜ್_ಶಾಸ್ತ್ರಿ: ಹುಕ್ಕಿನ ತಪ್ಪಲ್ಲ. ಗೋಡೆ ತೇವ. ಹಿಂದೆ ಬಾತ್‌ರೂಮ್ ಇದೆ, ಅಲ್ವಾ?

ಬಾಡಿಗೆ_ಬಂಟ: ಇಲ್ಲ. ಪಕ್ಕದ ಫ್ಲಾಟಿನ ಹಾಲ್.

ಸೀಪೇಜ್_ಶಾಸ್ತ್ರಿ: ಹಾಗಾದರೆ ಮೇಲಿನ ಮನೆಯ ಪೈಪ್. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ, ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ನಾನು ಹೇಳಿದ್ದೇ ನಿಜ.

ಡ್ರಿಲ್‌ಬಿಟ್_6: ಸುಮ್ನೆ ಡ್ರಿಲ್ ಮಾಡಿ ಸ್ವಾಮಿ. 6 ಎಂಎಂ ತೂತು, ಪ್ಲಗ್, ಸ್ಕ್ರೂ. ಖಾಲಿ ಮಾಡುವಾಗ ವೈಟ್ ಸಿಮೆಂಟ್ ತುಂಬಿ. ಹೇಗೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದೇ ಹಿಡಿಯುತ್ತಾರೆ. ದುಡ್ಡು ಕೊಟ್ಟ ಮೇಲೆ ತೂತಿಗೇಕೆ ಹೆದರಿಕೆ?

ಕರಾರು_ಪತ್ರ: ಹಾಗೆಲ್ಲ ಹಿಡಿಯುವಂತಿಲ್ಲ. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಅಡ್ವಾನ್ಸೇ ಎರಡು ತಿಂಗಳಿಗಿಂತ ಜಾಸ್ತಿ ಇರಬಾರದು ಅಂತಿದೆ.

ಡ್ರಿಲ್‌ಬಿಟ್_6: ಮಾದರಿ ಅಂದರೆ ಮಾದರಿ. ರಾಜ್ಯ ಅದನ್ನು ಕಾನೂನು ಮಾಡಿಕೊಂಡರೆ ತಾನೇ ಜಾರಿ? ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರನ್ನು ಕೇಳಿ ನೋಡಿ.

ಕರಾರು_ಪತ್ರ: ಕೊಡುವವರು ಇರುವುದಕ್ಕೇ ಕೇಳುತ್ತಾರೆ.

ಬಾಡಿಗೆ_ಬಂಟ: ನನ್ನ ಹುಕ್ಕು?? ಪ್ಲಾಸ್ಟಿಕ್ ಟೆಸ್ಟ್ ಆಗಲಿಲ್ಲ. ಟೇಪೇ ಕಚ್ಚಿಕೊಳ್ಳುತ್ತಿಲ್ಲ, ಹಾಳೆ ಜಾರಿ ಸೋಫಾ ಹಿಂದೆ ಬಿತ್ತು.

ಸೀಪೇಜ್_ಶಾಸ್ತ್ರಿ: ನೋಡಿ! ತೇವ ಇದ್ದರೆ ಟೇಪ್ ಎಲ್ಲಿ ಕಚ್ಚುತ್ತದೆ?

ಇಳಕಲ್_ಸೆರಗು: ಶಾಸ್ತ್ರಿಗಳೇ, ಸ್ವಲ್ಪ ತಡೆಯಿರಿ. ಬಂಟ, ಆ ಟೇಪಿನ ಅಂಟಿನ ಕಡೆ ನೋಡಿ. ಬಿಳಿ ಪುಡಿ ಇದೆಯಾ? ಗೋಡೆಗೆ ಅಂಗೈ ಉಜ್ಜಿ ಏನಾಗುತ್ತದೆ ಹೇಳಿ. ಮತ್ತೆ, ಅಷ್ಟು ಭಾರದ್ದು ಏನು ನೇತು ಹಾಕುತ್ತಿದ್ದೀರಿ?

ಬಾಡಿಗೆ_ಬಂಟ: ಅಂಗೈ ವಿಭೂತಿ ಬಳಿದ ಹಾಗಾಯಿತು. ಎಲ್ಲ ಬಾಡಿಗೆ ಮನೆಯಲ್ಲೂ ಹೀಗೇ ಅಲ್ವಾ? ಹಾಕುತ್ತಿರುವುದು ಅಜ್ಜಿ ಹೊಲಿದ ಕೌದಿ. ಎರಡೂವರೆ ಕೆ.ಜಿ. ಇರಬಹುದು. ಎರಡು ಮೂಲೆಗೆ ಎರಡು ಹುಕ್ಕು.

ಇಳಕಲ್_ಸೆರಗು: ಅದು ಡಿಸ್ಟೆಂಪರ್, ಉಜ್ಜಿದರೆ ಪುಡಿ ಬಿಡುವ ಅಗ್ಗದ ಗೋಡೆ ಬಣ್ಣ. ಅಂಟು ಹಿಡಿಯುತ್ತಿರುವುದು ಪುಡಿಯನ್ನು, ಗೋಡೆಯನ್ನಲ್ಲ. ಪುಡಿ ಉದುರಿದರೆ ಹುಕ್ಕೂ ಜೊತೆಗೆ ಬರುತ್ತದೆ. ಪ್ಯಾಕೆಟ್ಟಿನ 3 ಕೆ.ಜಿ. ಲೆಕ್ಕ ಟೈಲ್ಸ್, ಗಾಜಿನಂಥ ನುಣುಪು ಜಾಗಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಡಿಸ್ಟೆಂಪರ್ ಕಿತ್ತು ಬಂದು ಕಲೆ ಉಳಿಯುತ್ತದೆ.

ಕೌದಿಯನ್ನು ಮೂಲೆಯಿಂದ ಎಳೆದು ಕಟ್ಟಲೇಬೇಡಿ. ಒಳಗಿರುವುದು ಹಳೇ ಸೀರೆ, ಹೊಲಿಗೆ ಜಗ್ಗಿ ಹರಿಯುತ್ತದೆ. ಹಿಂಬದಿ ಮೇಲಂಚಿಗೆ ಉದ್ದಕ್ಕೂ ನಾಲ್ಕು ಬೆರಳಗಲದ ಕಾಟನ್ ಪಟ್ಟಿ ಹೊಲಿಯಿರಿ, ಲಂಗಕ್ಕೆ ಲಾಡಿ ತೂರಿಸುವ ನೇಫೆ ತರಹ. ಎರಡು ತುದಿ ತೆರೆದಿರಲಿ. ಅದರೊಳಗೆ ಬಿದಿರು ಕೋಲು ತೂರಿಸಿ. ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಮನೆಯಲ್ಲಿ ಲಾಫ್ಟ್ ಅಥವಾ ಕರ್ಟನ್ ಬ್ರ್ಯಾಕೆಟ್ ಇದೆಯಾ?

ಬಾಡಿಗೆ_ಬಂಟ: ಕಿಟಕಿ ಮೇಲೆ ಬ್ರ್ಯಾಕೆಟ್ ಇದೆ. ಆದರೆ ಅದು ಎದುರು ಗೋಡೆ. ನನಗೆ ಸೋಫಾ ಹಿಂದೆಯೇ ಬೇಕು.

ಡ್ರಿಲ್‌ಬಿಟ್_6: ಎರಡು ಗೋಡೆ ನಡುವೆ ಬಿಗಿಯುವ ಸ್ಪ್ರಿಂಗ್ ರಾಡ್?

ಇಳಕಲ್_ಸೆರಗು: ಹಾಲ್ ಅಗಲಕ್ಕೆ, ಅಷ್ಟು ಭಾರಕ್ಕೆ ಜಾರುತ್ತದೆ. ಅದೂ ಡಿಸ್ಟೆಂಪರ್ ಮೇಲೆ. ಸೋಫಾ ಹಿಂದೆ ಎರಡು ಬಿದಿರು ಗಳ ಒರಗಿಸಿ ನಿಲ್ಲಿಸಿ, ಮೇಲೆ ಅಡ್ಡ ಕೋಲು ಹಗ್ಗದಲ್ಲಿ ಬಿಗಿಯಿರಿ. ಬುಡಕ್ಕೆ ರಬ್ಬರ್ ಬುಷ್ ಹಾಕಿ, ಇಲ್ಲದಿದ್ದರೆ ನೆಲದ ಮೇಲೆ ಜಾರುತ್ತದೆ. ಸೋಫಾವನ್ನು ಗಳಕ್ಕೆ ತಾಗಿಸಿಡಿ. ಬಿಸಿಲು ನೇರ ಬಿದ್ದರೆ ಬಣ್ಣ ಹೋಗುತ್ತದೆ, ಅದೊಂದು ನೋಡಿಕೊಳ್ಳಿ.

ಬೊಂಬೆ_ಭವನ: ನಮ್ಮ ಮನೆಯಲ್ಲಿ ನವಲಗುಂದದ ಜಮಖಾನ ಹೀಗೇ ನಿಲ್ಲಿಸಿದ್ದೇವೆ. ಕೆಳಗೆ ಹಳೇ ಟ್ರಂಕು, ಅದರ ಮೇಲೆ ಚನ್ನಪಟ್ಟಣದ ಬೊಂಬೆ ಸಾಲು, ಹಿಂದೆ ವಾರ್ಮ್ ಎಲ್ಇಡಿ ಪಟ್ಟಿ. ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಡ್ರಿಲ್‌ಬಿಟ್_6: ಎಲ್ಇಡಿ ಪಟ್ಟಿ ಯಾವುದಕ್ಕೆ ಅಂಟಿಸಿದ್ದೀರಿ?

ಬೊಂಬೆ_ಭವನ: ಟ್ರಂಕಿಗೆ. ನಮ್ಮದು ಎಮಲ್ಷನ್ ಗೋಡೆ, ಪುಡಿ ಬಿಡದ ಪೇಂಟ್, ಬೇಕಾದರೆ ಗೋಡೆಗೂ ನಿಲ್ಲುತ್ತದೆ.

ಸೀಪೇಜ್_ಶಾಸ್ತ್ರಿ: ಡಿಸ್ಟೆಂಪರ್ ಪುಡಿಯಾಗುವುದು ತೇವಕ್ಕೂ ಇರಬಹುದು. ಮೇಲಿನ ಮನೆಯ ಪೈಪ್ ಒಮ್ಮೆ ನೋಡಿಸಿ.

ಬಾಡಿಗೆ_ಬಂಟ: ಬಿದಿರು ಆಗಬಹುದು. ಆದರೆ ಗೋಡೆಯ ಅಷ್ಟು ಜಾಗಕ್ಕೆ ಮಾತ್ರ ಪ್ರೈಮರ್ (ಪೇಂಟಿಗೆ ಮುಂಚಿನ ಮೊದಲ ಕೋಟ್) ಬಳಿದರೆ ಹುಕ್ಕು ನಿಲ್ಲುತ್ತದಾ? ಖಾಲಿ ಮಾಡುವಾಗ ಆ ಚೌಕ ಎದ್ದು ಕಾಣುತ್ತದಾ?

ಕರಾರು_ಪತ್ರ: ಪ್ರೈಮರ್ ಬಳಿಯುವ ಮೊದಲು ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ. ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಡ್ರಿಲ್‌ಬಿಟ್_6: ಒಂದು ತೂತಿಗೆ ಇಷ್ಟೆಲ್ಲಾ!