ಹಲ್ಲಿಯ ತೊಡೆ ಸ್ನಾಯು ಬಾಲದೊಳಕ್ಕೆ ಹೋಗುತ್ತಿದೆ, ಇದು ಯಾವುದು?

ಪ್ರಶ್ನೆ:
ನನ್ನ ಪ್ರಾಜೆಕ್ಟ್ ಹಲ್ಲಿಗಳ ಹಿಂಗಾಲಿನ ಸ್ನಾಯುಗಳ ಬಗ್ಗೆ. ಆರು ಹಲ್ಲಿಗಳಿವೆ, ಎಲ್ಲವೂ ತಾವಾಗಿಯೇ ಸತ್ತವು, ಫಾರ್ಮಲಿನ್‌ನಲ್ಲಿ ಇಟ್ಟು ಆಮೇಲೆ 70% ಆಲ್ಕೋಹಾಲ್‌ಗೆ ಹಾಕಿದ್ದು. ನಿನ್ನೆ ಮೊದಲನೆಯದರ ಬಲಗಾಲು ಬಿಡಿಸಿದೆ. ಚರ್ಮ ತೆಗೆದರೆ ಎಲ್ಲ ಒಂದೇ ಬಿಳಿ ಮುದ್ದೆ. ತೊಡೆಯ ಹಿಂದಿನ ಒಂದು ದಪ್ಪ ಸ್ನಾಯು ಹಿಡಿದುಕೊಂಡು ಹೋದರೆ ಅದು ಸೊಂಟದ ಹತ್ತಿರ ನಿಲ್ಲಲೇ ಇಲ್ಲ, ಬಾಲದೊಳಕ್ಕೆ ಹೋಯಿತು, ನಾನು ಗೊತ್ತಾಗದೆ ಸೊಂಟದ ಹತ್ತಿರವೇ ಕತ್ತರಿಸಿಬಿಟ್ಟೆ. ತೂಕ ಹಾಕಿದ್ದು ಅರ್ಧ ಸ್ನಾಯು ಅನ್ನಿಸುತ್ತಿದೆ. ಒಂದು ಜೀವವನ್ನು ಸುಮ್ನೆ ಹಾಳು ಮಾಡಿದೆ ಅಂತ ತುಂಬಾ ಬೇಜಾರು.

ಉತ್ತರ 1:
ಅದು ಕಾಡೋಫೆಮೊರಾಲಿಸ್ ಲಾಂಗಸ್. ಹಲ್ಲಿ ಓಡುವಾಗ ತೊಡೆಯನ್ನು ಹಿಂದಕ್ಕೆ ಎಳೆಯುವ ಮುಖ್ಯ ಸ್ನಾಯು. ನಮ್ಮಲ್ಲಿ ಆ ಕೆಲಸದ ಸ್ನಾಯುಗಳು ಸೊಂಟದಿಂದ ಬರುತ್ತವೆ, ಅದಕ್ಕೇ ನೀವೂ ಅಲ್ಲೇ ಕೊನೆ ಹುಡುಕಿದ್ದೀರಿ. ಹಲ್ಲಿಯಲ್ಲಿ ಅದು ಬಾಲದ ಬುಡದ ಮೂಳೆಗಳಿಂದ ಹೊರಟು ತೊಡೆಮೂಳೆಯ ಮೇಲ್ಭಾಗಕ್ಕೆ ಅಂಟುತ್ತದೆ. ಅಲ್ಲಿಂದ ನೂಲಿನಂಥ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ) ಮಂಡಿಯವರೆಗೂ ಹೋಗುತ್ತದೆ, ಅದನ್ನು ನರ ಅಂದುಕೊಂಡು ಕಿತ್ತುಹಾಕಬೇಡಿ. ಮತ್ತೆ, ಹಲ್ಲಿ ಹಾಳಾಗಿಲ್ಲ. ಎಡಗಾಲು ಇದೆ ಅಲ್ವಾ? ಈ ಸಲ ಬಾಲದ ಕಡೆಯಿಂದ ಶುರು ಮಾಡಿ.

ಉತ್ತರ 2:
ಬಿಳಿ ಮುದ್ದೆಗೆ ಅಯೋಡಿನ್ ಒಳ್ಳೆಯ ಮದ್ದು. ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಸೇರಿದ ದ್ರಾವಣ ನಾಲ್ಕು ಹನಿ ಬಿಟ್ಟು ಸ್ವಲ್ಪ ಕಾಯಿರಿ. ಎಳೆಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ನಡುವಿನ ಪೊರೆ ಬೆಳ್ಳಗೆ ಉಳಿಯುತ್ತದೆ. ಎಳೆಗಳ ದಿಕ್ಕು ಎಲ್ಲಿ ಬದಲಾಗುತ್ತದೋ ಅಲ್ಲಿ ಬೇರೆ ಸ್ನಾಯು ಇರುವ ಸಾಧ್ಯತೆ ಜಾಸ್ತಿ. ಬ್ಲೇಡ್ ಪಕ್ಕಕ್ಕಿಟ್ಟು ಮೊಂಡು ಸೂಜಿಯಿಂದ ಪೊರೆ ಬಿಡಿಸಿ. ಎರಡೂ ತುದಿ ಕಾಣುವ ತನಕ ಏನನ್ನೂ ಕತ್ತರಿಸಬೇಡಿ, ಫೋಟೋ ತೆಗೆದ ಮೇಲೆಯೇ ಕತ್ತರಿ.

ತೂಕದ ವಿಷಯ: ಆಲ್ಕೋಹಾಲ್‌ನಲ್ಲಿದ್ದ ಸ್ನಾಯು ಗಾಳಿಗೆ ಬೇಗ ಒಣಗುತ್ತದೆ. ಕೆಲಸದುದ್ದಕ್ಕೂ ಒದ್ದೆ ಇಡಿ, ತೂಕಕ್ಕೆ ಮುಂಚೆ ಪ್ರತಿಯೊಂದನ್ನೂ ಒಂದೇ ರೀತಿ ಕಾಗದಕ್ಕೆ ಒತ್ತಿ. ತೂಕ ಒಂದರಿಂದಲೇ ಬಲ ಗೊತ್ತಾಗುವುದಿಲ್ಲ, ಎಳೆಗಳ ಉದ್ದವೂ ಬೇಕು. ತೂಕವನ್ನು ಸಾಂದ್ರತೆ (ಘನ ಸೆಂಟಿಮೀಟರಿಗೆ ಸುಮಾರು 1.06 ಗ್ರಾಂ) ಮತ್ತು ಎಳೆಯ ಉದ್ದದಿಂದ ಭಾಗಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ, ಬಲದ ಅಂದಾಜು ಅದರಿಂದಲೇ. ಎಳೆಗಳು ಓರೆಯಾಗಿದ್ದರೆ ಆ ಕೋನದ ಕೊಸೈನ್‌ನಿಂದ ಗುಣಿಸಿ. ತೆಳ್ಳಗೆ ಉದ್ದ ಇರುವುದು ವೇಗಕ್ಕೆ, ಗಿಡ್ಡ ಎಳೆ ಜಾಸ್ತಿ ಇರುವುದು ಬಲಕ್ಕೆ.

ಉತ್ತರ 3:
ಈ ಸ್ನಾಯು ಬಾಲದಿಂದಲೇ ಹೊರಡುವುದರಿಂದ, ಪ್ರತಿ ಹಲ್ಲಿಯ ಬಾಲ ಮೂಲದ್ದೋ, ಉದುರಿ ಮತ್ತೆ ಬೆಳೆದದ್ದೋ ನೋಡಿ ಬರೆದಿಡಿ. ಮತ್ತೆ ಬೆಳೆದದ್ದರಲ್ಲಿ ಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಇರುತ್ತದೆ. ಹೊರಗಿನ ಹುರುಪೆಯ ಸಾಲೂ ಬೇರೆಯಾಗಿ ಕಾಣುತ್ತದೆ. ಫಾರ್ಮಲಿನ್ ವಾಸನೆ ಇನ್ನೂ ಇದ್ದರೆ ಚೆನ್ನಾಗಿ ತೊಳೆದು, ಗಾಳಿ ಆಡುವ ಕಡೆ ಗ್ಲೌಸ್ ಹಾಕಿಕೊಂಡು ಕೂರಿ.

ಪ್ರಶ್ನೆ ಕೇಳಿದವರು:
ಎಡಗಾಲು ಇವತ್ತು ಮುಗಿಸಿದೆ, ಬಾಲದಿಂದ ಶುರು ಮಾಡಿ. ಆ ನೂಲು ಸಿಕ್ಕಿತು! ಕೂದಲಿನಷ್ಟೇ ದಪ್ಪ, ಸ್ನಾಯುವನ್ನು ಸೂಜಿಯಿಂದ ಮೆಲ್ಲಗೆ ಎಳೆದರೆ ಇಡೀ ತೊಡೆ ಹಿಂದಕ್ಕೆ ಸರಿಯಿತು. ಬಲಗಾಲಿನ ತೂಕವನ್ನು ಲೆಕ್ಕದಿಂದ ತೆಗೆದು, ಯಾಕೆ ತೆಗೆದೆ ಅಂತ ವರದಿಯಲ್ಲಿ ಬರೆಯುತ್ತೇನೆ.