ಮಾವ ಕಳಿಸಿದ ನೊಣ

ಮಾವ: [ವಿಡಿಯೊ]
‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’, 1968. ಶುರುವಿನ ಸ್ಟೇಷನ್ ಸೀನ್. ಎಲ್ಲರೂ ನೋಡಿ. ಇದಪ್ಪ ಸಿನಿಮಾ!

ನಾನು: ನೋಡಿದೆ ಮಾವ. ಮೂರು ಜನ ರೈಲಿಗೆ ಕಾಯುತ್ತಾರೆ. ಒಬ್ಬನ ಮುಖದ ಮೇಲೆ ನೊಣ. ಒಬ್ಬನ ಟೋಪಿ ಮೇಲೆ ನೀರು ತೊಟ್ಟಿಕ್ಕುತ್ತದೆ. ಇನ್ನೊಬ್ಬ ಸುಮ್ನೆ ಲಟಿಕೆ ಮುರಿಯುತ್ತಾನೆ. ಹೊಗಳಿಕೆ ಜಾಸ್ತಿ ಆಯ್ತು ಇದಕ್ಕೆ.

ಮಾವ: ಅಲ್ಲಿ ಸಂಗೀತವೇ ಇಲ್ಲ ಕಣೋ. ಗಾಳಿಯಂತ್ರದ ಕಿರ್ ಕಿರ್, ನೊಣದ ಗುಂಯ್. ಅಷ್ಟರಲ್ಲೇ ಎದೆ ಹೊಡೆದುಕೊಳ್ಳುತ್ತದೆ.

ನಾನು: ಅಷ್ಟು ಕಾಯಿಸಿ, ಮೂವರೂ ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತು ಬೀಳುತ್ತಾರೆ. ಸಿನಿಮಾ ಪೂರ್ತಿ ಹೀಗೇ ಅಲ್ವಾ, ಎರಡು ಮುಕ್ಕಾಲು ಗಂಟೆ?

ಅಕ್ಕ: ಅಮೆರಿಕದವರಿಗೂ ಹಾಗೇ ಅನ್ನಿಸಿತ್ತು. ಇಪ್ಪತ್ತು ನಿಮಿಷ ಕತ್ತರಿಸಿ ಹಾಕಿದರು, ಆದರೂ ಓಡಲಿಲ್ಲ. ಆದರೆ ಫ್ರಾನ್ಸ್‌ನಲ್ಲಿ ಭಾರಿ ಹಿಟ್.

ಮಾವ: ಅಮೆರಿಕದವರಿಗೆ ಹೊಟ್ಟೆ ಉರಿದಿರಬೇಕು. ಅವರ ಕೌಬಾಯ್ ಕತೆಯನ್ನು ಇಟಲಿಯ ಸೆರ್ಜಿಯೊ ಲಿಯೋನೆ ತೆಗೆದ, ಅದೂ ಅರ್ಧಕ್ಕರ್ಧ ಸ್ಪೇನಿನಲ್ಲಿ 😄

ಅತ್ತೆ: ನನಗಂತೂ ಶೋಲೆಯೇ ಸಾಕು. ನಮ್ಮ ರಾಮನಗರದ ಬಂಡೆ ಮುಂದೆ ಇದೇನು ಮಹಾ?

ಅಕ್ಕ: ಅತ್ತೆ, ಠಾಕೂರ್ ಮನೆಯವರನ್ನು ಗಬ್ಬರ್ ಕೊಲ್ಲುವ ಸೀನ್ ಇದೆಯಲ್ಲ? ಕೊನೆಗೆ ಪುಟ್ಟ ಹುಡುಗ ಒಬ್ಬನೇ ಉಳಿದು ಗಬ್ಬರ್ ಎದುರು ನಿಲ್ಲುತ್ತಾನೆ. ಅದು ಬಂದಿದ್ದೇ ಈ ಸಿನಿಮಾದಿಂದ.

ಅತ್ತೆ: ಹೌದಾ! ಅಲ್ಲಿ ಜೋಕಾಲಿ ಕಿರ್ ಅನ್ನುತ್ತಿರುತ್ತದೆ. ಈಗಲೂ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ಮಾವ: ಈ ಸಿನಿಮಾದಲ್ಲಿ ಅಂಥದ್ದೇ ಹುಡುಗನ ಮುಂದೆ ನಿಲ್ಲುವ ಕೊಲೆಗಾರ ನಟ ಹೆನ್ರಿ ಫೋಂಡಾ. ಅಲ್ಲಿವರೆಗೆ ಒಳ್ಳೆಯವನ ಪಾತ್ರಕ್ಕೇ ಹೆಸರಾದವನು. ಕೇಡಿ ಥರ ಕಾಣಲಿ ಅಂತ ಮೀಸೆ ಬಿಟ್ಟು, ಕಂದು ಬಣ್ಣದ ಲೆನ್ಸ್ ಹಾಕಿಕೊಂಡು ಬಂದಿದ್ದನಂತೆ. ಲಿಯೋನೆ ಎರಡೂ ತೆಗೆಸಿದ. ಅವನಿಗೆ ಬೇಕಿದ್ದದ್ದು ಆ ನೀಲಿ ಕಣ್ಣೇ. ಕ್ಯಾಮೆರಾ ಹಿಂದಿನಿಂದ ಸುತ್ತಿ ಬಂದು ಆ ಮುಖ ತೋರಿಸುತ್ತದೆ ನೋಡು...

ನಾನು: ಸರಿ. ಆದರೆ ಈ ಸಿನಿಮಾದ ನಾಯಕಿಯ ಪಾತ್ರ? ಗಂಡಸರ ಮುಖ ನೋಡುತ್ತಾ ನಿಲ್ಲುವುದೇ ಕೆಲಸ. ಕೊನೆಗೆ ರೈಲು ಹಳಿ ಹಾಕುವ ಕೆಲಸದವರಿಗೆ ನೀರು ಕೊಡು ಅನ್ನುತ್ತಾರೆ.

ಅಕ್ಕ: ಆ ನೀರು ಇರುವುದು ಅವಳ ಜಮೀನಿನಲ್ಲಿ ಕಣೋ. ಅಲ್ಲಿಗೆ ಬರುವ ರೈಲಿನ ಉಗಿಬಂಡಿಗೆ ನೀರು ಬೇಕೇ ಬೇಕು. ಕೊಲೆಗಳೆಲ್ಲ ಆಗಿದ್ದೇ ಅದಕ್ಕೆ. ಕೊನೆಗೆ ಬಂದೂಕಿನವರಲ್ಲಿ ಇಬ್ಬರು ಸತ್ತರು, ಒಬ್ಬ ಕುದುರೆ ಹತ್ತಿ ಹೋದ. ಊರು ಉಳಿದಿದ್ದು ಅವಳ ಕೈಯಲ್ಲಿ. ಆದರೂ ಕೆಲಸದವನು ಅಲ್ಲಿ ಇಲ್ಲಿ ತಟ್ಟಿದರೆ ಸಹಿಸಿಕೋ ಅಂತ ಬುದ್ಧಿ ಹೇಳಿಸಿಕೊಳ್ಳುತ್ತಾಳಲ್ಲ, ಅದು ನನಗೂ ಹಿಡಿಸಲ್ಲ.

ಮಾವ: ಅವಳು ರೈಲು ಇಳಿದು ಬರುವಾಗಿನ ಸಂಗೀತ ಕೇಳು. ಸಂಗೀತ ನಿರ್ದೇಶಕ ಮೊರಿಕೋನೆ ಶೂಟಿಂಗ್‌ಗೆ ಮೊದಲೇ ಮಾಡಿಕೊಟ್ಟಿದ್ದು. ಅದನ್ನು ಸೆಟ್‌ನಲ್ಲೇ ಹಾಕಿ ಶೂಟ್ ಮಾಡುತ್ತಿದ್ದರು.

ನಾನು: ಸಂಗೀತ ಒಪ್ಪಿದೆ, ನೀಲಿ ಕಣ್ಣೂ ಒಪ್ಪಿದೆ. ನೊಣ ಮಾತ್ರ ಒಪ್ಪಲ್ಲ.

ಮಾವ: ಆ ನೊಣ ಕೊನೆಗೆ ಎಲ್ಲಿಗೆ ಹೋಯಿತು ಹೇಳು?

ನಾನು: ಹಾರಿಹೋಯಿತು?

ಮಾವ: ಪಿಸ್ತೂಲಿನ ನಳಿಗೆಯೊಳಗೆ ಹಿಡಿದಿಟ್ಟ! ಕಿವಿ ಹತ್ತಿರ ಇಟ್ಟುಕೊಂಡು ಕೇಳುತ್ತಾ ಕೂತ. ನೋಡಿದೆ ಅಂದೆಯಲ್ಲ?

ನಾನು: ಅಷ್ಟೊತ್ತಿಗೆ ಮುಂದಕ್ಕೆ ಓಡಿಸಿದ್ದೆ ಮಾವ 🙈