ಸಹಾಯ ಬೇಕು: ಬೀಜಕ ಕಟ್ಟುವ ಯೀಸ್ಟ್‌ನಲ್ಲಿ ಗ್ಲೈಕೋಜೆನ್ ಅಳೆಯುವುದು ಹೇಗೆ?

ಗುಂಪಿನ ಜೀವರಸಾಯನಶಾಸ್ತ್ರ ಬಲ್ಲವರಿಗೆ ನಮಸ್ಕಾರ. ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್‌ನ ದ್ವಿಗುಣಿತ (ವರ್ಣತಂತುಗಳ ಎರಡು ಪ್ರತಿಗಳಿರುವ) ಕೋಶಗಳನ್ನು ಸಾರಜನಕವಿಲ್ಲದ, ಶೇ. 1ರ ಪೊಟ್ಯಾಷಿಯಂ ಅಸಿಟೇಟ್ ದ್ರಾವಣಕ್ಕೆ ವರ್ಗಾಯಿಸಿ ಬೀಜಕ ರಚನೆಯನ್ನು ಅಧ್ಯಯನ ಮಾಡುತ್ತಿದ್ದೇನೆ. ಅಸಿಟೇಟ್ ಬಳಕೆಯಾದಂತೆ ದ್ರಾವಣ ಕ್ಷಾರೀಯವಾಗುವುದು, ಹಳೆಯ ಪ್ರೋಟೀನು ಮತ್ತು ಆರ್‌ಎನ್‌ಎ ಒಡೆದು ಹೊಸ ಅಣುಗಳ ತಯಾರಿಕೆಗೆ ಒದಗುವುದು ನಿರೀಕ್ಷಿತವೇ.

ನನ್ನ ತೊಡಕು ಗ್ಲೈಕೋಜೆನ್‌ನದು (ಕೋಶವು ಗ್ಲೂಕೋಸನ್ನು ಸರಪಳಿಯಾಗಿ ಕೂಡಿಡುವ ರೂಪ). ಮೊದಲ ಗಂಟೆಗಳಲ್ಲಿ ಶೇಖರವಾಗುವ ಅದು ಬೀಜಕಗಳು ಬಲಿಯುವ ಹೊತ್ತಿಗೆ ಕರಗಬೇಕು. ಆದರೆ ಸಕ್ಕರೆಗಳನ್ನು ಬಣ್ಣದಿಂದ ಅಳೆಯುವ ಆಂಥ್ರೋನ್ ಪರೀಕ್ಷೆಯಲ್ಲಿ ಟ್ರೆಹಲೋಸ್ ಎಂಬ ಇನ್ನೊಂದು ಶೇಖರಿತ ಸಕ್ಕರೆ ಮಾತ್ರವಲ್ಲದೆ ಕೋಶಭಿತ್ತಿಯ ಸಕ್ಕರೆ ಸರಪಳಿಗಳಾದ ಗ್ಲೂಕನ್, ಮ್ಯಾನನ್‌ಗಳೂ ಅದೇ ನೀಲಿ-ಹಸಿರು ಬಣ್ಣ ಕೊಡುವುದರಿಂದ ಇಳಿಕೆ ಸ್ಪಷ್ಟವಾಗಿ ಕಾಣುತ್ತಿಲ್ಲ. ಹೀಗಾಗಿ ಕೋಶಗಳನ್ನು ಬಿಸಿ ಸೋಡಿಯಂ ಕಾರ್ಬೊನೇಟ್‌ನಲ್ಲಿ ಕುದಿಸಿ, ಗ್ಲೈಕೋಜೆನ್ನನ್ನು ಅಮೈಲೊಗ್ಲೂಕೋಸಿಡೇಸ್ ಮತ್ತು ಟ್ರೆಹಲೋಸನ್ನು ಟ್ರೆಹಲೇಸ್ ಕಿಣ್ವದಿಂದ ಪ್ರತ್ಯೇಕವಾಗಿ ವಿಭಜಿಸಿ, ಬಿಡುಗಡೆಯಾದ ಗ್ಲೂಕೋಸನ್ನು ಅಳೆಯಬೇಕೆಂದಿದ್ದೇನೆ. ಕೈಟೋಸಾನ್ ಮತ್ತು ಡೈಟೈರೋಸಿನ್ ಎಂಬ ಗಟ್ಟಿ ಪದಾರ್ಥಗಳ ಪದರಗಳಿರುವ ಬಲಿತ ಬೀಜಕದ ಭಿತ್ತಿ (ಅತಿನೇರಳೆ ಬೆಳಕಿನಲ್ಲಿ ಅದು ನೀಲಿಯಾಗಿ ಹೊಳೆಯುವುದನ್ನು ನೋಡುವುದೇ ಒಂದು ಸೊಗಸು) ಇಷ್ಟಕ್ಕೇ ಬಿಚ್ಚಿಕೊಳ್ಳುತ್ತದೆಯೇ, ಅಥವಾ ಮೊದಲು ಗಾಜಿನ ಮಣಿಗಳಿಂದ ಒಡೆಯಬೇಕೇ?

ಕೆಲವು ಕೋಶಗಳು ಬೀಜಕ ಕಟ್ಟದೆ ಉಳಿಯುವ ಕಾರಣ, ಗ್ಲೈಕೋಜೆನ್ ಶೇಖರಿಸಿದರೂ ಅದನ್ನು ಕರಗಿಸದ, ಒಂದೇ ಮಿಲನ ಪ್ರಕಾರದ (ಹಾಗಾಗಿ ಬೀಜಕ ಕಟ್ಟಲಾರದ) ದ್ವಿಗುಣಿತ ತಳಿಯನ್ನು ಹೋಲಿಕೆಗೆ ಇಡುವುದು ಸೂಕ್ತವೆನಿಸುತ್ತದೆ. ಅಂಥ ತಳಿಯೊಡನೆ ಕೆಲಸ ಮಾಡಿದವರು ಮಾದರಿ ತೆಗೆಯುವ ಸಮಯದ ಅಂತರವನ್ನೂ ದಯವಿಟ್ಟು ತಿಳಿಸಿ.